ರಿಂಗ್ ಪಕ್ಕದ ದನಿ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಆರಕ್ಕೆ ಅವಳು ಬಾಕ್ಸಿಂಗ್ ಕ್ಲಬ್ಬಿನ ಬೀಗಕ್ಕೆ ಕೀಲಿಕೈ ತೂರಿಸಿದಳು. ತಿರುಗಲಿಲ್ಲ. ಬೀಗ ಬದಲಾಗಿತ್ತು.

ಒಳಗಿನಿಂದ ಬಾಗಿಲು ತೆರೆದವನು ಎಡಚ. ಎಡಗೈಯ ಹೊಡೆತಕ್ಕೆ ಹೆಸರಾದ ಬಾಕ್ಸರ್. ಇನ್ನು ಒಂಬತ್ತು ದಿನಕ್ಕೆ ಅವನ ಫೈನಲ್.

"ಅಯ್ಯೋ, ಮೈಕಕ್ಕ! ಇಷ್ಟು ಬೇಗ ಯಾಕೆ ಬಂದ್ರಿ? ಮನೇಲಿ ಸುಧಾರಿಸ್ಕೊಳ್ಬಾರ್ದಾ?"

ಮೈಕಕ್ಕ ಎಂಬುದು ಕ್ಲಬ್ಬಿನವರು ಇಟ್ಟ ಹೆಸರು. ಅಲ್ಲಿ ಕೋಚ್ ಆಗಿದ್ದ ಅವಳ ಗಂಡ, ಗಂಟಲು ಕೆಟ್ಟಿದೆ ಎಂದು ಹೇಳಿ, ಕೊನೆಯ ಎರಡು ವರ್ಷ ಕೂಗುತ್ತಲೇ ಇರಲಿಲ್ಲ. ಅವಳ ಹೆಗಲ ಮೇಲೆ ಕೈಯಿಟ್ಟು ಒಳಗೆ ಬರುವನು, ರಿಂಗ್ ಪಕ್ಕ ಕೂತು ಅವಳ ಕಿವಿಯ ಹತ್ತಿರ ಬಾಯಿ ತರುವನು, ಅವಳು ಕೂಗುವಳು. "ಹೊಸ ಮದುವೆ ಜೋಡಿ ಬಂತು, ದಾರಿ ಬಿಡ್ರೋ" ಎಂದು ಹುಡುಗರು ನಗುತ್ತಿದ್ದರು. ಒಮ್ಮೊಮ್ಮೆ ಅವನ ತುಟಿ ಅಲುಗುವ ಮೊದಲೇ ಅವಳು ಕೂಗಿಬಿಡುತ್ತಿದ್ದಳು. "ಮೈಕಿಗೆ ಅವಸರ" ಎಂದು ಅದಕ್ಕೂ ನಗು. ಆ ಎರಡು ವರ್ಷದಲ್ಲಿ ಮೂರು ಪದಕ. ಪತ್ರಿಕೆಯವರು ಗುಟ್ಟು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: "ಗ್ಲವ್ಸ್ ಸದ್ದಲ್ಲೇ ಎಲ್ಲ ಗೊತ್ತಾಗುತ್ತೆ." ಅದನ್ನು ಅವನ ಹೆಸರಿನ ಸಮೇತ ಗೋಡೆಗೆ ಬರೆಸಿದ್ದರು.

ಎಡಚ ರಿಂಗ್ ಹತ್ತಿದ. ಅಭ್ಯಾಸದ ಜೊತೆಗಾರನ ಹೊಡೆತ ಎರಡು ಸಲ ಪಕ್ಕೆಗೆ ಬಿತ್ತು.

"ಬಲಗಾಲು ಅವನ ಕಾಲಿನಾಚೆ ಇಡು!" ಎಂದಳು.

ಕಾಲು ತಾನಾಗಿ ಸರಿಯಿತು. ಮುಂದಿನ ಹೊಡೆತಕ್ಕೆ ಜೊತೆಗಾರ ಕೂತೇಬಿಟ್ಟ.

"ಗುರುಗಳು ಹೇಳಿಟ್ಟಿದ್ದಾ ಅಕ್ಕಾ ಇದು?"

"ಹೂಂ."

ಕ್ಲಬ್ಬಿನ ಕಾರ್ಯದರ್ಶಿ ಅವಳನ್ನು ಕೋಣೆಯೊಳಗೆ ಕರೆದು ಕುರ್ಚಿ ತೋರಿಸಿದರು. "ಹೊಸ ಕೋಚ್ ನಾಳೆ ಬರ್ತಾರಮ್ಮ. ಅವರಿಗೇಂತ ಬೀಗ ಹೊಸದು ಹಾಕಿಸಿದ್ವಿ. ಒಳ್ಳೆ ಗಂಟಲು, ಮೈಕ್ ಬೇಕಾಗಲ್ಲ."

"ಆ ಕೆಲಸ ನನಗೆ ಕೊಡಿ. ಕೋಚಿಂಗ್ ಓದಿದ್ದೀನಿ. ಲೈಸೆನ್ಸ್ ಇದೆ."

"ಲೈಸೆನ್ಸ್ ಇರಬಹುದು. ಇವರನ್ನ ಗೆಲ್ಲಿಸಿದ್ದು ನಿಮ್ಮ ಯಜಮಾನ್ರ ಕಣ್ಣು ಕಣಮ್ಮ. ಹೆಂಗಸಿನ ಮಾತು ಈ ಗಂಡಸರು ಕೇಳ್ತಾರಾ?"

"ಎರಡು ವರ್ಷ ಕೇಳಿದ್ದಾರಲ್ಲ."

"ಮಾತು ಅವರದು, ಬಾಯಿ ನಿಮ್ಮದು. ಅಲ್ಲ ಅಂತೀರಾ? ಒಂದು ಸಾಕ್ಷಿ ತೋರಿಸಿ, ಈಗಲೇ ಸಹಿ ಹಾಕ್ತೀನಿ."

ಸಾಕ್ಷಿ ಇತ್ತು. ತೋರಿಸಿದರೆ ಕೆಲಸ ಅವಳದು. ಆದರೆ ಗೋಡೆಯ ಮೇಲಿನ ಗಂಡನ ಹೆಸರು ಹೋಗುತ್ತಿತ್ತು. ಯಾರಿಗೂ ಹೇಳಬೇಡ ಎಂದು ಅವನು ಕೈ ಹಿಡಿದು ಕೇಳಿದ್ದ, ಅವಳು ಮಾತು ಕೊಟ್ಟಿದ್ದಳು. ಬದುಕಿದ್ದಿದ್ದರೆ ಜಗಳವಾಡಿಯಾದರೂ ಆ ಮಾತನ್ನು ವಾಪಸು ಪಡೆಯಬಹುದಿತ್ತು.

"ಇಲ್ಲ" ಎಂದಳು.

ಹೊರಗೆ ಎಡಚ ಮತ್ತೆ ಪಕ್ಕೆಗೆ ಹೊಡೆತ ತಿನ್ನುತ್ತಿದ್ದ. ಅವಳು ಬಾಯಿ ಬಿಗಿಹಿಡಿದು ದಾಟಿಹೋದಳು.

ಬಸ್ಸು ಹಿಡಿದು ಊರಿನ ಇನ್ನೊಂದು ತುದಿಯಲ್ಲಿ ಇಳಿದಳು. ಅಲ್ಲಿಯ ಕಚೇರಿಯ ಗುಮಾಸ್ತೆ ದಪ್ಪ ಪುಸ್ತಕ ತೆರೆದು, "ಯಜಮಾನ್ರಿಗೆ ಇನ್ನು ಬೇಡ್ವಾ?" ಎಂದು ಕೇಳಿದಳು.

"ಬೇಡ."

ಎರಡು ವರ್ಷದ ಹಿಂದಿನ ತಾರೀಖಿನ ಮುಂದೆ ಸಹಿ ಹಾಕಿ, ಆ ಅಂಧರ ಶಾಲೆಯಿಂದ ಅವನು ಎರವಲು ತಂದಿದ್ದ ಮಡಚುವ ಬಿಳಿ ಕೋಲನ್ನು ಅವಳು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು.