ಮುಂದಿನ ಚಕ್ರ

ಸೀಳು ಮೆಕ್ಯಾನಿಕ್‌ನ ಕಣ್ಣಿಗೆ ಬೀಳಲಿಲ್ಲ, ಉಗುರಿಗೆ ಸಿಕ್ಕಿತು. ಅಕ್ಕನ ಮಗನ ಸೈಕಲ್ಲಿನ ಮುಂದಿನ ಚಕ್ರ. ರಿಮ್ಮಿನ ಒಳಬದಿಯಲ್ಲಿ ಯಾರೋ ಗರಗಸದ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದು, ಮೇಲೆ ಕರಿ ಮೇಣ ತಿಕ್ಕಿ ಮುಚ್ಚಿದ್ದರು.

ಏರಿನಲ್ಲಿ ಅದಕ್ಕೆ ಏನೂ ಆಗುವುದಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ರಿಮ್ಮು ಕಾಯಬೇಕು, ಆಗ ಬಿರಿಯುತ್ತದೆ. ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ. ಇಪ್ಪತ್ತೆರಡು ವರ್ಷ ಚಕ್ರ ಕಟ್ಟಿದವನಿಗೆ ಮುಂದಿನದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಸಲಕರಣೆ ಪೆಟ್ಟಿಗೆ ತೆರೆದು ನೋಡಿದ. ಬ್ಲೇಡಿನ ಜಾಗ ಖಾಲಿ. ತನ್ನನ್ನು ಮತ್ತು ಅಳಿಯನನ್ನು ಬಿಟ್ಟರೆ ನಿನ್ನೆ ಸಂಜೆ ಶೆಡ್ಡಿಗೆ ಬಂದವನು ಒಬ್ಬನೇ. ಗೂಳಿ.

ಗೂಳಿ ಅವರ ಸೈಕಲ್ ರೇಸ್ ತಂಡದ ನಾಯಕ. ಹೆಸರಿಗೆ ತಕ್ಕ ಕುತ್ತಿಗೆ, ಹೆಸರಿಗೆ ತಕ್ಕ ಬುದ್ಧಿ. ಮೂರು ವರ್ಷದಿಂದ ಅಳಿಯ ಅವನ ಚಾಕರಿಯಲ್ಲಿದ್ದ. ಗೂಳಿಗೆ ಬಾಯಾರಿದರೆ ನೀರು ಕೊಡಬೇಕು, ಎದುರುಗಾಳಿ ಬಂದರೆ ಮುಂದೆ ನಿಂತು ತಡೆಯಬೇಕು, ಪಂಕ್ಚರ್ ಆದರೆ ತನ್ನ ಚಕ್ರವನ್ನೇ ಬಿಚ್ಚಿ ಕೊಡಬೇಕು. ಈ ಆಟದ ರೂಢಿಯೇ ಹಾಗೆ. ಬೆವರು ಎಲ್ಲರದು, ಗೆಲುವು ಒಬ್ಬನದು. ಮೊನ್ನೆ ಅಳಿಯ ಅಪ್ಪಣೆ ಮೀರಿ ಗೂಳಿಗಿಂತ ಮೊದಲು ಗುಡ್ಡ ಹತ್ತಿಬಿಟ್ಟ. ಗೂಳಿ ಎಲ್ಲರೆದುರು ಅವನ ಕೂದಲು ಹಿಡಿದು ತಲೆಯನ್ನು ಗೋಡೆಗೆ ಬಡಿದ. ಆಮೇಲೆ ಗಾಳಿ ಹೊಡೆಯುವ ಪಂಪಿನಿಂದ ಬಾಯಿಗೆ ಬಾರಿಸಿದ. ಎರಡು ಹಲ್ಲು ಉದುರಿದವು, ಮೇಲ್ತುಟಿಗೆ ಐದು ಹೊಲಿಗೆ ಬಿತ್ತು.

"ಇಳಿಜಾರು ಬರ್ಲಿ, ಅಲ್ಲಿ ಕಲಿಸ್ತೀನಿ ನಿಂಗೆ ಪಾಠ," ಎಂದಿದ್ದ ಗೂಳಿ.

ಮೆಕ್ಯಾನಿಕ್ ಅಂದು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಆ ನಿಂತದ್ದಕ್ಕೆ ಇವತ್ತಿಗೂ ಅವನಿಗೆ ತನ್ನ ಮೇಲೇ ಅಸಹ್ಯ. ಹೊರಡುವಾಗ ಅಕ್ಕ ಹೇಳಿದ್ದು ಒಂದೇ ಮಾತು: "ಗೆಲ್ಲೋದು ಬಿಡೋದು ಆಮೇಲೆ. ಇರೋನು ಒಬ್ಬ ಮಗ. ಹೋದ ಹಾಗೇ ವಾಪಸ್ ಕರ್ಕೊಂಡು ಬಾ."

ದೂರು ಕೊಡಬಹುದಿತ್ತು. ಚಕ್ರವನ್ನು ಗುಜರಿಗೆ ಎಸೆಯಬಹುದಿತ್ತು. ಆದರೆ ಸಿಟ್ಟು ನೆತ್ತಿಗೇರಿದವನ ಕೈ ಬುದ್ಧಿಯನ್ನು ಕೇಳಿ ಕೆಲಸ ಮಾಡುವುದಿಲ್ಲ. ತಂಡದ ಚಕ್ರಗಳೆಲ್ಲ ಒಂದೇ ಅಚ್ಚಿನವು. ಬಿಚ್ಚಲು ಅರ್ಧ ನಿಮಿಷ, ಹಾಕಲು ಅರ್ಧ ನಿಮಿಷ. ಅಳಿಯನದು ಗೂಳಿಯ ಸೈಕಲ್ಲಿಗೆ ಹೋಯಿತು, ಗೂಳಿಯದು ಅಳಿಯನ ಸೈಕಲ್ಲಿಗೆ ಬಂತು. ಮಾಡಿದ್ದುಣ್ಣೋ ಮಹರಾಯ, ಎಂದುಕೊಂಡು ಮೆಕ್ಯಾನಿಕ್ ಕೈ ಒರೆಸಿಕೊಂಡ.

ಅಷ್ಟರಲ್ಲಿ ಅಳಿಯ ಬಂದ. ಊದಿದ ತುಟಿ, ನಿದ್ದೆಯಿಲ್ಲದ ಕಣ್ಣು.

"ಮಾವ, ನನ್ನ ಸೈಕಲ್ ಮುಟ್ಟೋಕೆ ಹೋಗ್ಬೇಡ. ನಿನ್ನೆ ಸಂಜೇನೇ ಎಲ್ಲಾ ನೋಡ್ಕೊಂಡಿದ್ದೀನಿ."

"ಆಯ್ತಪ್ಪ."

"ಮೇಲೆ ಕೋಟೆ ಬಾಗಿಲಲ್ಲಿ ನಮ್ಮ ತಂಡದ ಕಾರು ತೂರಲ್ಲ ಅಲ್ವಾ?"

"ತೂರಲ್ಲ. ನಾವು ಸುತ್ತಿ ಬರ್ಬೇಕು. ಕಾಲು ಗಂಟೆ ನೀನು, ಗೂಳಿ ಇಬ್ರೇ. ಯಾಕೆ, ಹೆದ್ರಿಕೆನಾ?"

ಅಳಿಯ ನಗಲು ಹೋದ, ಹೊಲಿಗೆ ಬಿಡಲಿಲ್ಲ. "ಅವನು ಮುಂದೆ ಹೋಗ್ಲಿ. ಇಳಿಜಾರಲ್ಲಿ ನಾನು ಹಿಂದೇನೇ ಇರ್ತೀನಿ."

"ಹಿಂದೇನೇ ಇರು. ದೂರಾನೇ ಇರು," ಎಂದ ಮೆಕ್ಯಾನಿಕ್. ಇದಕ್ಕಿಂತ ಬಿಡಿಸಿ ಹೇಳುವಂತಿರಲಿಲ್ಲ.

ಸ್ಪರ್ಧೆ ಮೂರು ಹಳ್ಳಿ ದಾಟಿತು. ಕಲ್ಲು ಹಾಸಿದ ಓಣಿಗಳು, ಹಳೆಯ ಸುಂಕದ ಕಟ್ಟೆ, ಯಾವುದೋ ಯುದ್ಧದಲ್ಲಿ ಅರ್ಧ ಕುಸಿದ ಕಾವಲು ಗೋಪುರ. ನಾಲ್ಕನೆಯ ಏರಿಗೆ ಗೂಳಿ ಮತ್ತು ಅಳಿಯ ಇಬ್ಬರೇ ಮುಂದೆ ಉಳಿದರು. ಗೂಳಿ ಗುಂಡಿ ಗೊಟರು ನೋಡದೆ ನುಗ್ಗುತ್ತಿದ್ದ. ಪ್ರತಿ ಕುಲುಕಿಗೂ ಹಿಂದೆ ಬರುತ್ತಿದ್ದ ಕಾರಿನಲ್ಲಿ ಮೆಕ್ಯಾನಿಕ್ ಅವನ ಮುಂದಿನ ಚಕ್ರವನ್ನೇ ದಿಟ್ಟಿಸುತ್ತಿದ್ದ. ಇಲ್ಲಿ ಬೇಡ, ಇಲ್ಲಿ ಬೇಡ, ಇಳಿಜಾರಲ್ಲಿ. ಅಳಿಯ ಮಾತ್ರ ಒಂದೊಂದು ಕಲ್ಲನ್ನೂ ತಪ್ಪಿಸಿ ನಾಜೂಕಾಗಿ ಹತ್ತುತ್ತಿದ್ದ.

"ಏನಯ್ಯಾ ನಿನ್ನ ಅಳಿಯ, ತಲೆ ಮೇಲೆ ಮೊಟ್ಟೆ ಬುಟ್ಟಿ ಇಟ್ಕೊಂಡಿದ್ದಾನಾ?" ಎಂದ ಡ್ರೈವರ್.

"ಬಾಯಿ ನೋಯ್ತಿರ್ಬೇಕು ಬಿಡು."

ಕೋಟೆ ಬಾಗಿಲು ಬಂತು. ಇಬ್ಬರೂ ಕಮಾನಿನೊಳಗೆ ತೂರಿಕೊಂಡರು. ಕಮಾನಿನಾಚೆ ಗೂಳಿ ಇಳಿಜಾರಿನ ಚಳಿಗೆಂದು ಜಾಕೆಟ್ ಹಾಕಿಕೊಳ್ಳಲು ನಿಂತದ್ದು ಕಾರಿನಿಂದ ಕಂಡಿತು. ಅಳಿಯ ಅವನ ಮುಂದಿನ ಚಕ್ರದ ಹತ್ತಿರ ಕೂತು ಏನನ್ನೋ ನೋಡುತ್ತಿದ್ದ. ಹಲ್ಲು ಉದುರಿಸಿದವನಿಗೆ ಇನ್ನೂ ಚಾಕರಿ ಮಾಡ್ತಾನಲ್ಲ ಕತ್ತೆ, ಎಂದು ಮೆಕ್ಯಾನಿಕ್‌ಗೆ ಹೊಟ್ಟೆ ಉರಿಯಿತು. ಕಾರು ಸುತ್ತು ದಾರಿಗೆ ತಿರುಗಿತು.

ಕಾಲು ಗಂಟೆಯಲ್ಲಿ ಅವನಿಗೆ ಒಮ್ಮೆಯೂ ಪಶ್ಚಾತ್ತಾಪ ಆಗಲಿಲ್ಲ. ಅಕ್ಕನಿಗೆ ಕೊಟ್ಟ ಮಾತು ಉಳಿಯಿತು ಎಂದು ಸಮಾಧಾನವೇ ಆಯಿತು.

ಇಳಿಜಾರಿನ ಮೂರನೆಯ ತಿರುವಿನಲ್ಲಿ ಊರಿನವರು ಗುಂಪುಗೂಡಿದ್ದರು. ರಿಮ್ಮು ಎರಡು ತುಂಡಾಗಿ ಬಿದ್ದಿತ್ತು. ಮೈಲಿಗಲ್ಲಿನ ಮೇಲೆ ರಕ್ತ, ಕೂದಲು. ಅದರ ಕೆಳಗೆ ತಂಡದ ಕೆಂಪು ಅಂಗಿ, ಬೋರಲಾಗಿ. ಕುತ್ತಿಗೆ ಯಾವ ಕುತ್ತಿಗೆಯೂ ತಿರುಗಬಾರದ ಕಡೆ ತಿರುಗಿತ್ತು. ಮೆಕ್ಯಾನಿಕ್ ಮುಖದ ಮೇಲೆ ದುಃಖ ತಂದುಕೊಂಡು ಕಾರಿನಿಂದ ಇಳಿದ. ಭುಜ ಹಿಡಿದು ಹೊರಳಿಸಿದ.

ಮೇಲ್ತುಟಿಯಲ್ಲಿ ಐದು ಹೊಲಿಗೆ.

ಕಾರಿನ ವೈರ್‌ಲೆಸ್ಸಿನಲ್ಲಿ ಗೂಳಿಯ ದನಿ ಬಂತು. "ಗೆದ್ದೆ. ಎಲ್ಲಿ ಅವನು? ಕೋಟೆ ಹತ್ರ ನನ್ನ ಮುಂದಿನ ಚಕ್ರ ಪಂಕ್ಚರ್ ಆಯ್ತು. ನಾನು ಬಾಯಿ ಬಿಡೋ ಮುಂಚೇನೇ ತನ್ನದು ಬಿಚ್ಚಿ ಕೊಟ್ಟ. 'ನಿನ್ನ ಚಕ್ರಕ್ಕೆ ಬೇರೆ ಟ್ಯೂಬ್ ಹಾಕ್ಕೊಂಡು ಹಿಂದೇನೇ ಬರ್ತೀನಿ' ಅಂದ. ಹೇಳು ಅವನಿಗೆ, ಮೊನ್ನೆದು ಮನಸಲ್ಲಿ ಇಟ್ಕೋಬೇಡ ಅಂತ."

ಮೆಕ್ಯಾನಿಕ್‌ನ ಕೈ ತಾನಾಗಿ ದೊಡ್ಡ ಸ್ಪ್ಯಾನರ್ ಹುಡುಕಿತು. ಚಕ್ರ ಬದಲಿಸಿದವನು ತಾನು, ನಿಜ. ಕೊಯ್ದವನು ಗೂಳಿ. ಇವತ್ತೇ ಅವನ ತಲೆ ಒಡೆಯಬೇಕು. ಆಮೇಲೆ ಅಕ್ಕನ ಮುಂದೆ ಹೋಗಿ ನಿಲ್ಲಬೇಕು.

"ಸ್ವಾಮಿ," ಎಂದು ಊರಿನ ಮುದುಕನೊಬ್ಬ ಅಂಗೈ ಚಾಚಿದ. "ಈ ಮಗೂನ ಅಂಗಿ ಬೆನ್ನಲ್ಲಿರೋ ಜೇಬಿಂದ ಬಿದ್ದಿದ್ದು. ಇಟ್ಕೊಳ್ಳಿ."

ಒಂದು ಚೂಪು ಮೊಳೆ, ಮತ್ತು ಬಟ್ಟೆಯಲ್ಲಿ ಸುತ್ತಿದ ಗರಗಸದ ಬ್ಲೇಡು. ಅದರ ಹಲ್ಲುಗಳ ಸಂದಿಯಲ್ಲಿ ಇನ್ನೂ ಕರಿ ಮೇಣವಿತ್ತು.