ಉಳಬಾರದ ಹೊಲ

“ಗುದ್ದಲಿ ಒಳಗಿಡು, ಕಾಲು ತೊಳ್ಕೊ,” ಎಂದ ಗಂಡ. ಜೀಪು ಆಗಲೇ ತಿರುವಿನಲ್ಲಿತ್ತು.

ಹೆಂಡತಿ ಗುದ್ದಲಿಯನ್ನು ಮಂಚದಡಿಗೆ ತಳ್ಳಿದಳು. ನೀರಿನ ಪೈಪು ಸುತ್ತಿ, ಮೇಲೆ ಕಂಬಳಿ ಹೊದಿಸಿದಳು. ಗಂಡನ ಉಗುರಿನಲ್ಲಿದ್ದ ಮಣ್ಣನ್ನು ಮಾತ್ರ ಯಾವ ಕಂಬಳಿಯೂ ಮುಚ್ಚುವಂತಿರಲಿಲ್ಲ.

ಹೊಳೆಯಂಚಿನ ಹೊಲವನ್ನು ಉಳದೆ, ಬೆಳೆಯಿಡದೆ, ಪ್ರಕೃತಿಗೆ ಬಿಟ್ಟುಕೊಟ್ಟವರಿಗೆ ಸರ್ಕಾರ ವರ್ಷ ವರ್ಷ ಹಣ ಕೊಡುತ್ತಿತ್ತು. ಮಣ್ಣು ಹೊಳೆಪಾಲಾಗದಿರಲಿ ಎಂದು. ಸುಮ್ಮನೆ ಕೂರುವುದಕ್ಕೆ ಸಂಬಳ ಎಂದು ಊರು ನಗುತ್ತಿತ್ತು. ಇಂದಿನ ತಪಾಸಣೆಯಲ್ಲಿ ಹೊಲ ಪಾಸಾಗದಿದ್ದರೆ ಹಣ ನಿಲ್ಲುತ್ತದೆ. ಆಗ ಅದು ಪಕ್ಕದ ಹೊಲದ ಮೀಸೆ ಮಾವನಿಗೆ ಅಗ್ಗದ ಗುತ್ತಿಗೆಗೆ ಹೋಗುತ್ತದೆ. ಅದಕ್ಕೆಂದೇ ಮೀಸೆ ಮಾವ ದೂರು ಕೊಟ್ಟಿದ್ದ. ಈಗ ಅಧಿಕಾರಿಗಿಂತ ಮೊದಲು ಜೀಪಿನಿಂದ ಇಳಿದವನೂ ಅವನೇ.

“ದುಡ್ಡೂ ಬೇಕು, ಬೆಳೇನೂ ಬೇಕು. ಎರಡು ದೋಣಿ ಮೇಲೆ ಕಾಲು, ಅಲ್ವೇನಮ್ಮ?”

“ಬೆಳೀದೇ ಇದ್ರೆ ದುಡ್ಡೆಲ್ಲಿ ಮಾವ,” ಎಂದಳು ಅವಳು.

ಗಂಡ ಕೆಮ್ಮಿದ.

ಅಧಿಕಾರಿ ಹೆಚ್ಚು ಮಾತಿನವನಲ್ಲ. ಹೊಲದ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಹಿಂಡಿ ನೋಡಿದ. ಒದ್ದೆ. ಮಳೆ ಬಿದ್ದು ವಾರಗಳಾಗಿದ್ದವು. ಗೊಬ್ಬರದ ವಾಸನೆ ಬೇರೆ. ಸುತ್ತ ಹೊಸ ಮುಳ್ಳುಬೇಲಿ. ಮೊನ್ನೆ ಮೀಸೆ ಮಾವನ ಮೇಕೆಗಳು ನುಗ್ಗಿ ಒಂದು ಮೂಲೆ ಮೇಯ್ದುಹೋದ ದಿನ ಈ ಮನೆಯಲ್ಲಿ ಒಲೆ ಉರಿದಿರಲಿಲ್ಲ. ಬೇಲಿಯೊಳಗೆ ಎರಡೆಲೆ ಬಿಟ್ಟ ಮೊಳಕೆಗಳು, ದಾರ ಹಿಡಿದು ಬಿತ್ತಿದಂತೆ ಸಾಲುಸಾಲಾಗಿ.

“ಪ್ರಕೃತಿ ಇಲ್ಲಿ ತುಂಬಾ ಶಿಸ್ತಾಗಿದೆ,” ಎಂದ ಅಧಿಕಾರಿ.

“ಸಾಲು ಬೇಡ ಅಂತ ಬಡ್ಕೊಂಡೆ,” ಹೆಂಡತಿ ಗಂಡನ ಕಿವಿಯಲ್ಲಿ ಅಂದಳು.

“ಕೈ ಕೇಳ್ಬೇಕಲ್ಲ ಕಣೇ.”

ಮೀಸೆ ಮಾವನಿಗೆ ಹುರುಪು ಬಂತು. “ಇನ್ನೊಂದಿದೆ ಸಾರ್. ಹೋದ ತಿಂಗಳು ಇವನು ಚೀಲ ಹಿಡ್ಕೊಂಡು ನನ್ನ ಹೊಲಕ್ಕೆ ಇಳಿದಿದ್ದ. ಕಣ್ಣಾರೆ ನೋಡಿದೀನಿ. ವಾಪಸ್ ಹೋಗುವಾಗ ಚೀಲ ತುಂಬಿತ್ತು.”

“ಏನು ಕಳುವಾಯ್ತು?”

ಮೀಸೆ ಮಾವ ಮೀಸೆ ತೀಡಿದ. “ಅದೇ ಸಾರ್ ತಿಳೀತಿಲ್ಲ. ಬೆಳೆ ಒಂದು ತೆನೇನೂ ಕಮ್ಮಿ ಆಗಿಲ್ಲ.”

ಅಧಿಕಾರಿ ಒಂದು ಮೊಳಕೆಯನ್ನು ಕಿತ್ತು ಬೆಳಕಿಗೆ ಹಿಡಿದ. ಹೆತ್ತ ಮಗುವಿನ ಕಿವಿ ಹಿಂಡಿದಂತೆ ಗಂಡ ಮುಖ ಕಿವುಚಿದ.

“ಎರಡೆಲೆ ನೋಡಿ ನಂಗೆ ಗೊತ್ತಾಗಲ್ಲ. ನೀವೇ ಹೇಳಿ, ಏನಿದು? ಸುಳ್ಳು ಹೇಳಿದ್ರೆ ಹಣ ಇವತ್ತೇ ನಿಂತುಹೋಗುತ್ತೆ.”

ಮೀಸೆ ಮಾವ ಆಗಲೇ ಹೊಲದ ಉದ್ದಗಲ ಕಣ್ಣಲ್ಲೇ ಅಳೆಯುತ್ತಿದ್ದ. ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು.

“ಕಳೆ ಸಾರ್. ಸುಮ್ನೆ ಬಿಡಿ, ತಾನಾಗೇ ಹಸಿರಾಗುತ್ತೆ, ಆಗ್ದಿದ್ರೆ ಹಣ ಇಲ್ಲ ಅಂದ್ರಿ. ಬಿಟ್ವಿ, ಒಂದು ಎಸಳೂ ಹುಟ್ಲಿಲ್ಲ. ನಮ್ಮತ್ತೆ ಇರೋ ತನಕ ಕಿತ್ತೂ ಕಿತ್ತೂ ಇಲ್ಲಿ ಕಳೆಯ ವಂಶಾನೇ ಮುಗಿಸಿ ಹೋಗಿದಾರೆ. ಅದಕ್ಕೇ ಬೀಜ ತಂದು ಬಿತ್ತಿದ್ವಿ. ಅಷ್ಟು ಸೊಂಪಾದ ಕಳೆ ಈ ಊರಲ್ಲಿ ಮೀಸೆ ಮಾವನ ಹೊಲ ಬಿಟ್ರೆ ಇನ್ನೆಲ್ಲಿ ಸಿಗುತ್ತೆ?”