ಸೋರುವ ಶಾಖ

ಗಾಡಿಯ ಗೋಡೆಯ ಹೊರಗಿನ ಜಾಲರಿಗೆ ರಟ್ಟು ಮುಚ್ಚಿ, ಅಂಚಿನ ಟೇಪನ್ನು ಹೆಬ್ಬೆರಳಿನಿಂದ ಒತ್ತಿ, ಶಿವಮಲ್ಲಪ್ಪ ಮೇಷ್ಟ್ರು ಹಿಂದೆ ಸರಿದು ನೋಡಿದರು.

"ಇಲ್ಲಿಂದ ಅರ್ಧ ಬಿಸಿ ಸುಮ್ನೆ ಗಾಳಿಗೆ ಹೋಗ್ತಿತ್ತು ಶಾರದ. ಬೋಗಾದಿ ಬೀದೀನ ಕಾಯ್ಸೋಕೆ ನಾವ್ಯಾಕೆ ಗ್ಯಾಸ್ ಉರಿಸ್ಬೇಕು?"

"ಗಾಡಿ ಮಾಡಿದೋರು ಅಲ್ಲಿ ಜಾಲರಿ ಇಟ್ಟಿದ್ದು ಸುಮ್ಸುಮ್ನೆ ಅಂತೀರಾ?" ಎಂದರು ಶಾರದಮ್ಮ.

"ಹೈಸ್ಕೂಲಲ್ಲಿ ಜೀವಮಾನವೆಲ್ಲ ಶಾಖದ ಪಾಠ ಮಾಡಿದೋನು ಕಣೇ ನಾನು!"

ಆ ಮಾತು ಬಂದ ಮೇಲೆ ವಾದ ಮುಂದುವರಿಯುವುದಿಲ್ಲವೆಂದು ಶಾರದಮ್ಮನಿಗೆ ಗೊತ್ತು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ನಿಂತಿದ್ದುದು ಜೀಪಿನ ಹಿಂದೆ ಕಟ್ಟಿ ಎಳೆದೊಯ್ಯುವ ಕ್ಯಾರವಾನ್. ನಿವೃತ್ತರಾದ ಮೇಲೆ ಊರೂರು ಸುತ್ತಬೇಕೆಂದು ಮೇಷ್ಟ್ರು ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ. ಒಳಗೆ ಒಂದು ಮಂಚ, ಒಂದು ಒಲೆ, ಬೀರುವಿನಷ್ಟೇ ಅಗಲದ ಬಚ್ಚಲು. ಬಚ್ಚಲ ಗೋಡೆಯ ಹಿಂದೆ ಗ್ಯಾಸಿನಿಂದ ಉರಿಯುವ ನೀರಿನ ಹೀಟರ್; ಹೊರಗಿನ ಆ ಜಾಲರಿ ಅದರದೇ. ಮುಂದಿನ ಭಾನುವಾರ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಡುವುದೆಂದು ನಿಶ್ಚಯವಾಗಿತ್ತು. ಅದಕ್ಕೇ ಇವತ್ತು ತಾಲೀಮು.

ಮೇಷ್ಟ್ರು ಒಂದೊಂದನ್ನೂ ಮಾಡುತ್ತ, ಮಾಡಿದ್ದನ್ನು ಪಾಠದಂತೆ ಹೇಳುತ್ತ ಹೋದರು. ಮೊದಲು ಟ್ಯಾಂಕಿಗೆ ನೀರು. ಖಾಲಿ ಟ್ಯಾಂಕಿಗೆ ಉರಿ ಹಚ್ಚಿದರೆ ಟ್ಯಾಂಕೇ ಹೋದಂತೆ. ಬಿಸಿನೀರಿನ ನಲ್ಲಿ ತೆರೆದು, ಅದು ಉಗುಳುವುದನ್ನು ಬಿಟ್ಟು ಸಲೀಸಾಗಿ ಸುರಿಯುವವರೆಗೆ ಕಾಯಬೇಕು, ಆಮೇಲಷ್ಟೇ ಉರಿ. ಒತ್ತಡ ಹೆಚ್ಚಾದರೆ ತೆರೆದುಕೊಳ್ಳುವ ವಾಲ್ವನ್ನು ಒಮ್ಮೆ ಎತ್ತಿ ಬಿಟ್ಟು ನೋಡಬೇಕು. ಬೋರ್‌ವೆಲ್ ನೀರು ತಳದಲ್ಲಿ ಕಟ್ಟಿದ್ದ ಬಿಳಿ ಸುಣ್ಣವನ್ನು ನಿನ್ನೆಯೇ ತೊಳೆದು ತೆಗೆದಿದ್ದರು. ಎಲ್ಲವೂ ಸರಿಯಾಗಿತ್ತು, ಅವರು ಸ್ವಂತ ಬುದ್ಧಿಯಿಂದ ಮಾಡಿದ್ದೊಂದನ್ನು ಬಿಟ್ಟು.

ಉದ್ಘಾಟನೆಯ ಸ್ನಾನವೂ ಅವರದೇ. ಚಿಲಕ ಹಾಕಿಕೊಂಡು ನಲ್ಲಿ ತಿರುಗಿಸಿದರೆ, ಆಹಾ, ಹಂಡೆಯ ನೀರಿನಂಥ ಬಿಸಿ! ಮೇಷ್ಟ್ರಿಗೆ ಹಾಡು ಬಂತು. ಬಿಸಿನೀರು ತಲೆಗೆ ಬಿದ್ದರೆ ಅವರಿಗೆ ಹಾಡು ಬರುವುದು ವಾಡಿಕೆ; ಶ್ರುತಿ ಮಾತ್ರ ಯಾವತ್ತೂ ಜೊತೆಗೆ ಬಂದದ್ದಿಲ್ಲ. ಪಲ್ಲವಿ ಮುಗಿಯುವ ಹೊತ್ತಿಗೆ ತಲೆ ಭಾರವಾಯಿತು. ಇನ್ನೂ ತಿಂಡಿ ತಿಂದಿಲ್ಲವಲ್ಲ, ಅದಕ್ಕೇ ಇರಬೇಕೆಂದುಕೊಂಡರು. ಚರಣಕ್ಕೆ ಬಂದಾಗ ಮಂಡಿಗಳು ಸಡಿಲಾದವು. ಅದನ್ನು ಸುಖವೆಂದುಕೊಂಡರು.

ಕಣ್ಣು ಬಿಟ್ಟಾಗ ಮೇಲೆ ಆಕಾಶವಿತ್ತು, ಸುತ್ತ ಬೀದಿಯವರೆಲ್ಲ ಇದ್ದರು. ಮೈಮೇಲೆ ಎದುರುಮನೆ ಮಾದೇವಮ್ಮ ಒಣಗಲು ಹಾಕಿದ್ದ ಹಸಿರು ಸೀರೆ. ಮಾದೇವಮ್ಮನೇ ಮೊರದಲ್ಲಿ ಗಾಳಿ ಬೀಸುತ್ತಿದ್ದರು.

"ಕಣ್ ಬುಟ್ರು, ಕಣ್ ಬುಟ್ರು! ಶಾರದಕ್ಕ, ಅಳ್ಬೇಡಿ ಸುಮ್ನಿರಿ."

ಶಾರದಮ್ಮನ ಭುಜ ಕೆಂಪಗೆ ತರಚಿತ್ತು. ಅವರ ಹಿಂದೆ ಬಚ್ಚಲಿನ ಪ್ಲೈವುಡ್ ಬಾಗಿಲು ಎರಡು ಹೋಳಾಗಿ ಬಿದ್ದಿತ್ತು.

"ಏನಾಯ್ತೇ?" ಮೇಷ್ಟ್ರ ನಾಲಿಗೆ ತೊದಲಿತು.

"ನಿಮ್ಮ ಹಾಡು ನಿಂತೋಯ್ತು."

"ಅಷ್ಟಕ್ಕೇ ಬಾಗ್ಲು ಒಡೆದ್ಯಾ?"

"ಮದ್ವೆ ಆದಾಗಿಂದ ನಿಲ್ಸಿ ನಿಲ್ಸಿ ಅಂತ ಬಡ್ಕೊಂಡಿದೀನಿ. ಒಂದು ದಿನಾನಾದ್ರೂ ಅರ್ಧಕ್ಕೆ ನಿಲ್ಸಿದ್ರಾ? ಇವತ್ತು ತಾನಾಗೇ ನಿಂತ್ರೆ ನನಗೆ ಹೆಂಗಾಗ್ಬೇಡ?" ಶಾರದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

ಆಸ್ಪತ್ರೆಯಲ್ಲಿ ಮೇಷ್ಟ್ರ ಮೂಗು ಬಾಯಿಗೆ ಆಕ್ಸಿಜನ್ ಹಾಕಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಶಾರದಮ್ಮನಿಂದ ಎಲ್ಲ ಕೇಳಿ ತಿಳಿದುಕೊಂಡರು. ಉರಿದ ಗ್ಯಾಸಿಗೆ ಹೊರಹೋಗಲು ದಾರಿ ಇಲ್ಲದೆ, ಹೀಟರಿನ ಪೈಪು ಗೋಡೆ ಸೇರುವ ಕಡೆಯ ಬಿರುಕಿನಿಂದ ಅದು ಬಚ್ಚಲಿಗೇ ನುಗ್ಗಿತ್ತು.

"ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟ ಇತ್ತು. ಹೊಗೆ ಹೋಗೋ ಜಾಗ ಮುಚ್ಚಿದೋರು ಯಾರಮ್ಮ?"

"ಇವ್ರೇ," ಎಂದರು ಶಾರದಮ್ಮ. "ಶಾಖದ ಪಾಠದ ಮೇಷ್ಟ್ರು."

ಮುಖದ ಮೇಲೆ ಮಾಸ್ಕ್ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎನಿಸಿತು ಮೇಷ್ಟ್ರಿಗೆ. ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣಾಂತಿಕ. ವರ್ಷವರ್ಷವೂ ಅವರೇ ಬರೆಸುತ್ತಿದ್ದ ಸಾಲು, ಒಂದು ಅಂಕದ ಪ್ರಶ್ನೆ. ಅದನ್ನು ತಪ್ಪು ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ತಮ್ಮನ್ನು ಮಲಗಿಸಿದ್ದಾರಲ್ಲ, ಅಷ್ಟೇ ವ್ಯತ್ಯಾಸ ಎಂದುಕೊಂಡರು.

ಮನೆಗೆ ಬಂದವರೇ, "ಗಾಡಿ ಮಾರಿಬಿಡೋಣ" ಎಂದರು.

"ಯಾಕೆ? ಗಾಡಿ ಏನು ತಪ್ಪು ಮಾಡಿದೆ?" ಎಂದರು ಶಾರದಮ್ಮ. "ಬೆಟ್ಟ ನೋಡ್ಬೇಕು ಅಂತ ನನಗೂ ಆಸೆ ಇದೆ. ಸರಿ ಮಾಡ್ಸಿ, ಹೋಗೋಣ."

ರಟ್ಟು ಕಿತ್ತರು. ಗ್ಯಾಸ್ ರಿಪೇರಿಯವರನ್ನು ಕರೆಸಿ ಬಿರುಕು ಮುಚ್ಚಿಸಿದರು, ಗಾಳಿ ಕೆಟ್ಟರೆ ಕೂಗುವ ಅಲಾರಾಂ ಹಾಕಿಸಿದರು. ಹೊಸ ಬಾಗಿಲಿಗೆ ಚಿಲಕ ಬೇಡವೆಂದು ಮಾತ್ರ ಶಾರದಮ್ಮ ಖಡಾಖಂಡಿತವಾಗಿ ಹೇಳಿದರು.

ಬೆಟ್ಟದ ತಪ್ಪಲಿನಲ್ಲಿ ಮೊದಲ ಬೆಳಗು. ಜಾಲರಿಯ ಮುಂದೆ ಕೈಯಿಟ್ಟು, ಬಿಸಿಗಾಳಿ ಧಾರಾಳವಾಗಿ ಪೋಲಾಗುತ್ತಿರುವುದನ್ನು ಖಚಿತಪಡಿಸಿಕೊಂಡು ಮೇಷ್ಟ್ರು ಸ್ನಾನಕ್ಕೆ ಹೋದರು. ಸಂಕೋಚದಿಂದ ತೆಪ್ಪಗೆ ನೀರು ಹುಯ್ದುಕೊಳ್ಳುತ್ತಿದ್ದಾಗ ಬಾಗಿಲು ದಬದಬ ಬಡಿದ ಸದ್ದಾಯಿತು.

"ರೀ, ಹಾಡ್ರೀ!"

"ಗಂಟಲು ಸರಿಯಿಲ್ಲ ಕಣೇ."

"ಯಾವತ್ತು ಸರಿಯಿತ್ತು? ಹಾಡಿ ಅಂದ್ರೆ ಹಾಡಿ."

ಮೇಷ್ಟ್ರು ಹಾಡಿದರು. ಪಕ್ಕದ ಮರದಿಂದ ಹಕ್ಕಿಗಳು ಎದ್ದು ಹೋದವು. ಪಲ್ಲವಿ ಮುಗಿಸಿ, ಚರಣಕ್ಕೆ ಮುಂಚೆ ಒಂದು ಉಸಿರು ಎಳೆದುಕೊಳ್ಳಲೆಂದು ನಿಲ್ಲಿಸಿದರು.

ಬಾಗಿಲ ಹಿಡಿಕೆ ಹೊರಗಿನಿಂದ ತಿರುಗಿತು.